“ಬೈಬಲ್‌ನಲ್ಲಿ ನಮ್ಮ ಬಣ್ಣದವರು ಇಲ್ವಾ ಅಮ್ಮಾ?”

ಪ್ರಶ್ನೆ: ಅಕ್ಕಾ, ನಾವು ಆಫ್ರಿಕಾ ಮೂಲದ ಸಿದ್ದಿ ಜನ, ಹಳಿಯಾಳ ತಾಲ್ಲೂಕಿನವರು. ಒಂಬತ್ತು ವರ್ಷದ ಮಗಳು ಚರ್ಚಿನಲ್ಲಿ ಪಾಠ ಮುಗಿಸಿ ಬಂದು, “ಪುಸ್ತಕದ ಚಿತ್ರದಲ್ಲಿ ಎಲ್ಲರೂ ಬೆಳ್ಳಗಿದ್ದಾರೆ, ನಮ್ಮ ಬಣ್ಣದ ಹೆಂಗಸರು ಬೈಬಲ್‌ನಲ್ಲಿ ಯಾರೂ ಇಲ್ವಾ?” ಎಂದು ಕೇಳಿದಳು. ಏನು ಹೇಳಲಿ?
– ಒಬ್ಬ ತಾಯಿ

ಉತ್ತರ: ಇದ್ದಾರೆ ತಂಗಿ, ಖಂಡಿತ ಇದ್ದಾರೆ. ಆ ಚಿತ್ರಗಳು ಯುರೋಪಿನ ಚಿತ್ರಕಾರರ ದಾರಿ ಹಿಡಿದವು. ಅವರು ತಮ್ಮೂರಿನ ಮುಖಗಳನ್ನೇ ಬರೆದರು.

ಇಸ್ರಾಯೇಲ್ಯರ ನಾಯಕ ಮೋಶೆಯ ಹೆಂಡತಿ ಕೂಷ್ ದೇಶದವಳು ಎಂದು ಬೈಬಲ್ಲೇ ಹೇಳುತ್ತದೆ. ಕೂಷ್ ಅಂದರೆ ಈಜಿಪ್ಟಿನ ದಕ್ಷಿಣಕ್ಕೆ, ಈಗಿನ ಸುಡಾನ್ ಕಡೆ. ಕೂಷಿನವನು ತನ್ನ ಚರ್ಮ ಬದಲಾಯಿಸಿಕೊಳ್ಳಲಾದೀತೇ ಅಂತ ಪ್ರವಾದಿ ಯೆರೆಮೀಯ ಕೇಳುತ್ತಾನಲ್ಲ, ಅದೇ ಜನ. ಈ ಮದುವೆಯ ವಿಷಯಕ್ಕೆ ಮೋಶೆಯ ಅಕ್ಕ ಮಿರ್ಯಾಮಳು ಅವನ ಅಣ್ಣ ಆರೋನನ ಜೊತೆ ಸೇರಿ ಆಡಿಕೊಂಡಳು. ದೇವರು ಸಿಟ್ಟಾದದ್ದು ಆಡಿಕೊಂಡವರ ಮೇಲೆ. ಮಿರ್ಯಾಮಳ ಮೈ ರೋಗದಿಂದ ಹಿಮದ ಹಾಗೆ ಬೆಳ್ಳಗಾಯಿತು, 7 ದಿನ ಪಾಳೆಯದ ಹೊರಗಿರಬೇಕಾಯಿತು. ಜಗಳ ಬಣ್ಣದ್ದೇ ಎಂದು ಅಲ್ಲಿ ಬರೆದಿಲ್ಲ. ಆದರೂ ಅವಳು ಬೆಳ್ಳಗಾದದ್ದು ನನಗೆ ಸುಮ್ನೆ ಬಂದ ಮಾತು ಅನ್ನಿಸುವುದಿಲ್ಲ.

ಐಥಿಯೋಪ್ಯದ ರಾಣಿ ಕಂದಾಕೆಯೂ ಇದ್ದಾಳೆ. ಅದು ಹೆಸರಲ್ಲ, ಪದವಿ. ಅವಳ ಖಜಾನೆ ನೋಡಿಕೊಳ್ಳುತ್ತಿದ್ದವನಿಗೇ ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ದೀಕ್ಷಾಸ್ನಾನ ಕೊಟ್ಟದ್ದು.

ಆದರೆ ನಿಮ್ಮ ಮಗಳಿಗೆ ನೀವು ಮೊದಲು ಹೇಳಬೇಕಾದದ್ದು ಹಾಗರಳ ಕಥೆ. ಅವಳು ಈಜಿಪ್ಟಿನವಳು, ಅಬ್ರಾಮನ ಹೆಂಡತಿ ಸಾರಯಳ ದಾಸಿ. ಮೈಬಣ್ಣ ಹೀಗಿತ್ತು ಅಂತ ಬರೆದಿಲ್ಲ, ಆದರೆ ಆಫ್ರಿಕಾದ ನೆಲದವಳು, ಯಜಮಾನರ ಮನೆಯಲ್ಲಿ ಯಜಮಾನರಿಗಾಗಿಯೇ ಮಗು ಹೆರಬೇಕಾದವಳು, ಅದಕ್ಕೇ ಅಮೆರಿಕದಲ್ಲಿ ಗುಲಾಮಗಿರಿ ಅನುಭವಿಸಿದ ಕಪ್ಪು ಹೆಂಗಸರು ಅವಳನ್ನು ತಮ್ಮವಳು ಎಂದುಕೊಂಡರು. ಎಡ್ಮೋನಿಯಾ ಲೂಯಿಸ್ ಎಂಬ ಶಿಲ್ಪಿ 1875ರಲ್ಲಿ ಅಮೃತಶಿಲೆಯಲ್ಲಿ ಹಾಗರಳನ್ನು ಕೆತ್ತಿದಳು. ಆಕೆಯೂ ಕಪ್ಪು ಜನರ ಮಗಳು.

ಆದಿಕಾಂಡದ 16ನೇ ಅಧ್ಯಾಯ ನಿಧಾನವಾಗಿ ಓದಿ. ಅಬ್ರಾಮ, ಸಾರಯ ಇಬ್ಬರೂ ಒಂದು ಸಲವೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ, ಬರೀ ದಾಸಿ ಅನ್ನುತ್ತಾರೆ. ಸಾರಯಳ ಕಾಟ ತಡೆಯಲಾರದೆ ಆ ಬಸುರಿ ಹೆಂಗಸು ಒಬ್ಬಳೇ ಕಾಡಿಗೆ ಓಡಿದಾಗ, ಅಲ್ಲಿ ನೀರಿನ ಬುಗ್ಗೆಯ ಹತ್ತಿರ ದೇವದೂತ ಮೊದಲ ಸಲ “ಹಾಗರಳೇ” ಅನ್ನುತ್ತಾನೆ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಅಂತ ಕೇಳುತ್ತಾನೆ. ಅವಳು ಮೊದಲನೆಯದಕ್ಕಷ್ಟೇ ಉತ್ತರ ಕೊಡುತ್ತಾಳೆ. ಎಲ್ಲಿಗೆ ಅಂತ ಅವಳಿಗೇ ಗೊತ್ತಿರಲಿಲ್ಲ, ಅಲ್ವಾ? ಆಮೇಲೆ ಆ ದಾಸಿ ದೇವರಿಗೇ ಒಂದು ಹೆಸರಿಡುತ್ತಾಳೆ: ನನ್ನನ್ನು ನೋಡುವ ದೇವರು. ಬೈಬಲ್‌ನಲ್ಲಿ ದೇವರಿಗೆ ಹೀಗೆ ಹೆಸರಿಟ್ಟ ಮೊದಲ ಮನುಷ್ಯಳು ಅವಳೇ.

ವಾಪಸ್ ಹೋಗು ಎಂದು ದೂತ ಹೇಳುವ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅದನ್ನು ತೋರಿಸಿ, ಹೊಡೆಸಿಕೊಂಡು ಬಂದ ಹೆಣ್ಣುಮಗಳನ್ನು ಅದೇ ಮನೆಗೆ ತಿರುಗಿ ಕಳಿಸುವವರನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಹಿರಿಯರಲ್ಲೂ ಹಲವರು ಗೋವಾದಲ್ಲಿ ಪೋರ್ಚುಗೀಸರ ಕೈಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದವರು. ಮನೆಯಲ್ಲಿ ಅಜ್ಜಿ ಇದ್ದರೆ ಆ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಹಾಗರಳ ಅಧ್ಯಾಯವನ್ನು ಮಗಳ ಕೈಲಿ ಜೋರಾಗಿ ಓದಿಸಿ. ಅವಳು ಏನು ಕೇಳಿದಳು ಅಂತ ನನಗೆ ಬರೆಯಿರಿ ತಂಗಿ, ಕಾಯುತ್ತಿರುತ್ತೇನೆ.