ವಸತಿ ಶಾಲೆಗೆ ಕಳಿಸಿ, ಆದರೆ ಫೋನಿನ ಸಿಟ್ಟಿಗಲ್ಲ

ಪ್ರಶ್ನೆ: ಗಂಗಾವತಿ ಹತ್ತಿರದ ಹಳ್ಳಿಯವಳು. ಮಗ ಎಂಟನೇ ಕ್ಲಾಸು. ನಾಟಿ, ಕಟಾವಿನ ಕಾಲಕ್ಕೆ ನಾವಿಬ್ಬರೂ ಮನೆ ಸೇರುವಾಗ ಕತ್ತಲಾಗಿರುತ್ತದೆ. ಅವನು ರಾತ್ರಿ ಹನ್ನೆರಡಾದರೂ ಫೋನು ಬಿಡುವುದಿಲ್ಲ. ಯಜಮಾನರು ವಸತಿ ಶಾಲೆಗೆ ಹಾಕೋಣ ಅನ್ನುತ್ತಾರೆ. ‘ಇದ್ದೊಬ್ಬ ಮೊಮ್ಮಗನ್ನ ಮಂದಿ ಕೈಯಾಗ ಕೊಡ್ತೀರೇನು’ ಅಂತ ಅತ್ತೆ ಅಳುತ್ತಾರೆ. ಏನು ಮಾಡಲಿ?

ಉತ್ತರ: ಕಳಿಸಿ. ಒಂಬತ್ತಕ್ಕೇ ಕಳಿಸಿ, ಹತ್ತಕ್ಕೆ ಬೇಡ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದೆರಡು ತಿಂಗಳು ಹೋಗುತ್ತವೆ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಅವನ್ನು ಎಲ್ಲಿಂದ ತರುತ್ತೀರಿ?

ಅಲ್ಲಿ ಮೊದಲು ಸಿಗುವ ಲಾಭ ಅಂಕವಲ್ಲ, ಹೊತ್ತುಹೊತ್ತಿನ ರೂಢಿ. ಏಳುವುದು, ಉಣ್ಣುವುದು, ಓದುವುದು ಎಲ್ಲಕ್ಕೂ ಗಂಟೆ. ಮನೆಯಲ್ಲಿ ಗದರಿದರೂ ಕೂರದವನು ಸುತ್ತ ಎಲ್ಲರೂ ಪುಸ್ತಕ ತೆಗೆದಾಗ ತಾನೂ ತೆಗೆಯುತ್ತಾನೆ. ಲೆಕ್ಕ ತಿಳಿಯದಿದ್ದರೆ ಪಕ್ಕದಲ್ಲೇ ಗೆಳೆಯ. ತನ್ನ ಬಟ್ಟೆ ತಾನೇ ಒಗೆಯುವುದನ್ನು ಕಲಿಯುತ್ತಾನೆ. ಆದರೆ ಫೋನಿನ ಶಿಕ್ಷೆ ಅಂತ ಹಾಕಿದರೆ ಅದನ್ನು ಜೈಲೆಂದೇ ತಿಳಿದು, ರಜೆಗೆ ಬಂದಾಗ ಬಡ್ಡಿಸಮೇತ ಫೋನು ನೋಡುತ್ತಾನೆ. ಇವತ್ತಿನಿಂದಲೇ ರಾತ್ರಿ ಒಂಬತ್ತಕ್ಕೆ ಎಲ್ಲರ ಫೋನೂ ಒಂದು ಕಡೆ ಇಡಿ, ಯಜಮಾನರದೂ ಸೇರಿ.

ಖಾಸಗಿಯವರಿಗೆ ದುಡ್ಡು ಕಟ್ಟುವ ಮುಂಚೆ ನಿಮ್ಮ ಜಿಲ್ಲೆಯದೇ ಆದ ಕುಕನೂರಿನ ನವೋದಯಕ್ಕೆ ಪ್ರಯತ್ನಿಸಿ. ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆ ಆರನೇ ತರಗತಿಗೆ. ನವೋದಯದಲ್ಲಿ ಖಾಲಿ ಸೀಟುಗಳಿಗೆ ಒಂಬತ್ತಕ್ಕೂ ಪರೀಕ್ಷೆಯುಂಟು. ಎಂಟರಲ್ಲಿರುವಾಗಲೇ ಅರ್ಜಿ ಹಾಕಬೇಕು. ಒಟ್ಟು 100 ಅಂಕ: ಗಣಿತ, ವಿಜ್ಞಾನಕ್ಕೆ ತಲಾ 35, ಇಂಗ್ಲಿಷ್, ಹಿಂದಿಗೆ ತಲಾ 15. ಪ್ರಶ್ನೆಪತ್ರಿಕೆ ಕನ್ನಡದಲ್ಲಿರುವುದಿಲ್ಲ. ಕನ್ನಡ ಮಾಧ್ಯಮದವನಾದರೆ ಗಣಿತ, ವಿಜ್ಞಾನದ ಇಂಗ್ಲಿಷ್ ಪದಗಳನ್ನು ಈಗಿನಿಂದಲೇ ರೂಢಿ ಮಾಡಿಸಿ.

ಯಾವ ಶಾಲೆಯಾದರೂ ಗೇಟಿನ ರಿಸಲ್ಟ್ ಬ್ಯಾನರ್ ನೋಡಿ ಮರುಳಾಗಬೇಡಿ. ರಾತ್ರಿ ಊಟದ ಹೊತ್ತಿಗೆ ಹೋಗಿ. ಶೌಚಾಲಯದ ನಲ್ಲಿ ತಿರುಗಿಸಿ, ಏಪ್ರಿಲ್ ಬಿಸಿಲಲ್ಲಿ ನೀರೆಲ್ಲಿಂದ ಬರುತ್ತದೆ ಎಂದು ಕೇಳಿ. ವಾರ್ಡನ್ ರಾತ್ರಿ ಒಳಗೇ ಮಲಗುತ್ತಾರೋ, ಜ್ವರ ಬಂದರೆ ಆಸ್ಪತ್ರೆಗೆ ಯಾರು ಒಯ್ಯುತ್ತಾರೋ ವಿಚಾರಿಸಿ. ಹುಡುಗರ ಬೆರಳ ಸಂದಿಗಳ ಮೇಲೂ ಕಣ್ಣಿರಲಿ. ಅಲ್ಲಿ ಗುಳ್ಳೆ ಎದ್ದು ರಾತ್ರಿ ತುರಿಸಿದರೆ ಅದು ಕಜ್ಜಿ. ಕೋಣೆಯವರೆಲ್ಲ ಒಂದೇ ದಿನ ಮುಲಾಮು ಹಚ್ಚಿ, ಬಟ್ಟೆ, ಹಾಸಿಗೆ ಬಿಸಿನೀರಲ್ಲಿ ಒಗೆಯದಿದ್ದರೆ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಇವನ ಟವೆಲ್, ಹೊದಿಕೆಗೆ ದಾರದಲ್ಲಿ ಹೆಸರು ಹೊಲಿದು ಕಳಿಸಿ.

ಮೊದಮೊದಲು ಅಳುತ್ತಾನೆ, ಸಂಜೆ ಮತ್ತು ಭಾನುವಾರ ಹೆಚ್ಚು. ಮೊದಲ ಅಳುವಿಗೇ ಬಸ್ಸು ಹತ್ತಿ ಕರೆತಂದರೆ ಮತ್ತೆ ಹೋಗುವುದಿಲ್ಲ. ವಾರಕ್ಕೊಂದು ಗೊತ್ತಾದ ಹೊತ್ತಿಗೆ ಮಾತಾಡಿ. ಅತ್ತೆಯವರು ಫೋನಿನಲ್ಲಿ ಅಳುವುದು ಬೇಡ. ಅವರಿಂದ ಗುರೆಳ್ಳು ಚಟ್ನಿಪುಡಿ ಮಾಡಿಸಿ ಕಳಿಸಿ, ಅವರಿಗೂ ಸಮಾಧಾನ.

ಅವನು ಊಟ ಬಿಟ್ಟರೆ, ಹಾಸಿಗೆ ಒದ್ದೆ ಮಾಡತೊಡಗಿದರೆ, ಯಾರದೋ ಹೆಸರೆತ್ತಿದ ಕೂಡಲೇ ಮಾತು ನಿಲ್ಲಿಸಿದರೆ ಅದು ಬರೀ ಮನೆ ನೆನಪಲ್ಲ. ಹೊಡೆತ, ದೊಡ್ಡ ಹುಡುಗರ ಕಾಟ, ಮೈಮುಟ್ಟುವುದು ಏನೂ ಇರಬಹುದು. ಅದೇ ದಿನ ಹೋಗಿ, ಅವನೊಬ್ಬನನ್ನೇ ಹೊರಗೆ ಕೂರಿಸಿಕೊಂಡು ಕೇಳಿ. ಶಾಲೆಯವರು ಮುಚ್ಚಿಹಾಕಲು ನೋಡಿದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ.