ತುರಿಕೆ ನಿಂತಿದೆ, ಮೂರನೇ ಮಾತ್ರೆ ಬಿಡಬಹುದಾ?

ಬಿಳಿಸೆರಗು, ತುರಿಕೆಗೆಂದು ಡಾಕ್ಟರ್ ಮೂರು ರಾತ್ರಿಗೆ ಯೋನಿಯೊಳಗೆ ಇಡುವ ಮಾತ್ರೆ ಕೊಟ್ಟಿದ್ದಾರೆ (ಕ್ಲಿಂಡಾಮೈಸಿನ್ 100 ಮಿ.ಗ್ರಾಂ, ಕ್ಲೋಟ್ರಿಮಜೋಲ್ 200 ಮಿ.ಗ್ರಾಂ), ಎರಡಕ್ಕೇ ತುರಿಕೆ ಹೋಯಿತು, ಒಂದರಲ್ಲಿ ಎರಡು ಔಷಧಿ ಯಾಕೆ ಎಂದೂ ಕೇಳಿದ್ದೀರಿ.

ಮೂರನೆಯದನ್ನು ಬಿಡಬೇಡಿ. ತುರಿಕೆ ಮೊದಲು ಇಳಿಯುತ್ತದೆ, ಸೋಂಕು ಆಮೇಲೆ ಹೋಗುತ್ತದೆ.

ಕ್ಲಿಂಡಾಮೈಸಿನ್ ಬ್ಯಾಕ್ಟೀರಿಯಾಕ್ಕೆ, ಕ್ಲೋಟ್ರಿಮಜೋಲ್ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ. ಮೀನಿನ ವಾಸನೆಯ, ತೆಳು ಬೂದುಬಣ್ಣದ ಸ್ರಾವ ಬ್ಯಾಕ್ಟೀರಿಯಾದ್ದು. ವಾಸನೆಯಿಲ್ಲದೆ ಒಡೆದ ಮೊಸರಿನಂತೆ ಗಟ್ಟಿಯಾಗಿ, ವಿಪರೀತ ತುರಿಕೆಯಿದ್ದರೆ ಕ್ಯಾಂಡಿಡಾ. ಪುಸ್ತಕದಲ್ಲಿ ಹೀಗೆ ಸಲೀಸು, ಆದರೆ ಎರಡೂ ಒಟ್ಟಿಗೇ ಇರುವುದುಂಟು. ಜೊತೆಗೆ ಆ್ಯಂಟಿಬಯೋಟಿಕ್ ಯೋನಿಯ ಆಮ್ಲತೆ ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಕೊಲ್ಲುತ್ತದೆ, ಆ ಖಾಲಿ ಜಾಗದಲ್ಲಿ ಕ್ಯಾಂಡಿಡಾ ಹಬ್ಬುತ್ತದೆ. ಜೋಡಿ ಔಷಧಿ ಅದಕ್ಕೇ. ಆದರೂ ಡಾಕ್ಟರು ಆಮ್ಲತೆ ಅಳೆಯುವ ಪಿಎಚ್ ಪಟ್ಟಿಯಲ್ಲಿ ನೋಡಿ (4.5ಕ್ಕಿಂತ ಹೆಚ್ಚಿದ್ದರೆ ಬರೀ ಕ್ಯಾಂಡಿಡಾ ಇರುವ ಸಾಧ್ಯತೆ ಕಡಿಮೆ), ಸ್ರಾವವನ್ನು ಮೈಕ್ರೋಸ್ಕೋಪಿನಡಿ ಪರೀಕ್ಷಿಸಿ ಬೇಕಾದ ಒಂದನ್ನೇ ಕೊಡುವುದು ಮೇಲು ಎನ್ನುತ್ತೇನೆ.

ಈ ಜೋಡಿಗೂ ಒಂದು ಕಿಂಡಿ ಇದೆ: ಟ್ರೈಕೊಮೊನಾಸ್. ಹಳದಿ-ಹಸಿರು, ನೊರೆ ಸ್ರಾವ ಬರಿಸುವ ಈ ಪರಾವಲಂಬಿ ಇದರಿಂದ ವಾಸಿಯಾಗುವುದಿಲ್ಲ. ಮೆಟ್ರೊನಿಡಜೋಲ್ ಅಥವಾ ಸೆಕ್ನಿಡಜೋಲ್ ನುಂಗಬೇಕು, ಗಂಡನಿಗೂ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಮತ್ತೆ ಅಂಟುತ್ತದೆ. ಲೈಂಗಿಕ ಸೋಂಕುಗಳಿಗೆಂದಿರುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನ ಹಸಿರು ಕಿಟ್ಟಿನಲ್ಲಿ ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ (ಕ್ಯಾಂಡಿಡಾಕ್ಕೆ) 150 ಮಿ.ಗ್ರಾಂ ಇರುವುದು ಮೂರನ್ನೂ ಹಿಡಿಯಲೆಂದೇ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ, ನುಂಗುವ ಫ್ಲುಕೊನಜೋಲ್ ಆಗ ಬೇಡ.

ಇಡುವ ಕ್ರಮ: ಮಲಗುವ ಮುಂಚೆ ಕೈ ತೊಳೆದು, ಅಂಗಾತ ಮಲಗಿ ಮಂಡಿ ಮಡಚಿ, ನೋಯದಷ್ಟು ಆಳಕ್ಕೆ ಬೆರಳಿನಿಂದ ತಳ್ಳಿ, ಏಳದೆ ನಿದ್ದೆ ಮಾಡಿ. ಹಗಲಲ್ಲಿ ಇಟ್ಟು ಓಡಾಡಿದರೆ ಕರಗಿ ಇಳಿದುಹೋಗುತ್ತದೆ. ಬೆಳಿಗ್ಗೆ ಸ್ವಲ್ಪ ಬಿಳಿ ಸೋರುವುದು ಮಾಮೂಲು. ಪ್ಯಾಡ್ ಸಾಕು, ಟ್ಯಾಂಪಾನ್ ಔಷಧಿಯನ್ನೇ ಹೀರುತ್ತದೆ. ಮುಟ್ಟು ಹತ್ತಿರವಿದ್ದರೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರನ್ನು ಕೇಳಿ, ರಕ್ತದೊಂದಿಗೆ ಔಷಧಿ ಹೊರಟುಹೋಗುತ್ತದೆ. ಇದರ ಎಣ್ಣೆಯಂಶಕ್ಕೆ ಕಾಂಡೋಮ್ ಹರಿಯಬಹುದು, ಕೊನೆಯ ಮಾತ್ರೆಯಾದ ಮೇಲೆ ಕನಿಷ್ಠ ಮೂರು ದಿನ ಅದನ್ನು ನಂಬಬೇಡಿ. ಒಳಗೆ ಸೋಪು, ವಾಶ್ ಹಾಕಿ ತೊಳೆಯುವುದಂತೂ ಬೇಡವೇ ಬೇಡ. ಹಾಗೇ, ಇದೂ "ಮಾತ್ರೆ" ಎಂದುಕೊಂಡು ನುಂಗುವವರಿದ್ದಾರೆ!

ಜ್ವರ, ಕೆಳಹೊಟ್ಟೆ ನೋವು ಅಥವಾ ವಿಪರೀತ ಭೇದಿ ಶುರುವಾದರೆ ಅಂದೇ ಡಾಕ್ಟರ ಬಳಿ ಹೋಗಿ. ವರ್ಷಕ್ಕೆ ಮೂರು ಸಲ ಕ್ಯಾಂಡಿಡಾ ಮರುಕಳಿಸಿದರೆ ಇದೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ; ಕಲ್ಚರ್ (ಸ್ರಾವದಲ್ಲಿನ ಸೋಂಕನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಮತ್ತು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.