ಟ್ರಾನ್ಸ್‌ಫಾರ್ಮರ್ ಕಂಬದ ಬುಡದ ಕುರ್ಚಿ

ಮನೆ ಖಾಲಿ ಮಾಡಿ ನಿದ್ದೆ ಕಳೆದುಕೊಂಡು ನನ್ನ ಬಳಿ ಆಪ್ತಸಲಹೆಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಹಳೆಯ ಮನೆ ಬಿಲ್ಡರ್ ಪಾಲಾಗುತ್ತದೆ, ಒಂದು ಸಂಸಾರದ ಸಾಮಾನು ವಾರದೊಳಗೆ ಬೀದಿಗೆ ಬರುತ್ತದೆ. ಬಸವನಗುಡಿ ಕಡೆಯ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಬರೆಯುತ್ತಿದ್ದೇನೆ.

ಬಂದವರಿಗೆ 40ರ ಆಸುಪಾಸು. ತಂದೆ ನಿವೃತ್ತ ಮೇಷ್ಟ್ರು, ತೀರಿಕೊಂಡು ಎರಡು ತಿಂಗಳು. ಮೊದಲ ಭೇಟಿಯಲ್ಲಿ ಬರೀ ನಿದ್ದೆಯ ಮಾತು. ಎರಡನೆಯ ಸಲ ಕುಳಿತವರೇ, “ಮೇಡಂ, ಆ ಕುರ್ಚಿಯನ್ನು ಯಾರೂ ಒಯ್ಯುತ್ತಿಲ್ಲ” ಎಂದರು.

ಅಪ್ಪನ ಕೋಣೆಯದ್ದನ್ನೆಲ್ಲ ಅವರು ರಾತ್ರಿ ಹನ್ನೊಂದರ ಮೇಲೆ ಟ್ರಾನ್ಸ್‌ಫಾರ್ಮರ್ ಕಂಬದ ಬುಡಕ್ಕೆ ಸಾಗಿಸಿದ್ದರು. ಕಬ್ಬಿಣದ ಮಂಚ ಬೆಳಗಾಗುವುದರೊಳಗೆ ಗುಜರಿ ಸೇರಿತ್ತು. ದೇವರ ಪಟಗಳನ್ನು ಅರಳಿಕಟ್ಟೆಯ ಮೇಲಿಟ್ಟು ಬಂದಿದ್ದರು. ಅಷ್ಟು ಮರ್ಯಾದೆಯನ್ನು ಎಲ್ಲರೂ ಮಾಡುತ್ತಾರೆ. ಉಳಿದದ್ದು ನಡುವೆ ತೂತಿರುವ ಕಮೋಡ್ ಕುರ್ಚಿ. ನಗರದಲ್ಲಿ 2012ರಿಂದ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಕಡ್ಡಾಯ. ಇದು ಎರಡಕ್ಕೂ ಸೇರದೆಂದು ಕಸದ ಆಟೋದವರು ಬಿಟ್ಟು ಹೋಗುತ್ತಿದ್ದರು. ಸೀಟಿನ ಅಂಚಿಗೆ ಹಳೆಯ ಪಂಚೆಯ ತುಂಡು ಸುತ್ತಿತ್ತು. ತೊಡೆಗೆ ಒತ್ತದಿರಲೆಂದು ತಾಯಿ ಹೊಲಿದದ್ದು.

“ಅಪ್ಪನಿಗೆ ಹೀಗಾಗಿದೆ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಿಟಕಿ ತೆರೆಯಲೂ ಬಿಡುತ್ತಿರಲಿಲ್ಲ ಅವರು. ಈಗ ಹಾಲು ಹಾಕುವವನಿಂದ ಹಿಡಿದು ಅವರ ಶಿಷ್ಯರವರೆಗೆ ಎಲ್ಲರೂ ನೋಡಿಕೊಂಡು ಹೋಗುತ್ತಿದ್ದಾರೆ.”

“ಅಮ್ಮ ಏನೆನ್ನುತ್ತಾರೆ?”

“ಏನೂ ಇಲ್ಲ. ದೇವಸ್ಥಾನಕ್ಕೆ ಹೋಗುವ ದಾರಿ ಬದಲಿಸಿದ್ದಾರೆ.”

ಇವತ್ತೇ ಕುರ್ಚಿಯನ್ನು ಒಳಗೆ ತನ್ನಿ, ನೀವೇ ತೊಳೆಯಿರಿ, ಯಾರಿಗೆ ಕೊಡಬೇಕೆಂದು ಅಮ್ಮನನ್ನು ಕೇಳಿ ಕೈಯಾರೆ ಕೊಟ್ಟು ಬನ್ನಿ ಎಂದೆ. ನೊಂದವರನ್ನು ಮತ್ತೆ ಅದೇ ವಸ್ತುವಿನ ಮುಂದೆ ನಿಲ್ಲಿಸುವುದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿಲ್ಲಿಸಿದೆ, ಹೌದು. ಕತ್ತಲಲ್ಲಿ ಮಾಡಿದ್ದನ್ನು ಹಗಲಿನಲ್ಲಿ ಸರಿಪಡಿಸದೆ ಆ ನಿದ್ದೆ ಬರುವುದಿಲ್ಲ ಎನಿಸಿತ್ತು. ಉತ್ತರಕ್ರಿಯೆಯಲ್ಲಿ ಕೊಡೆ, ಚಪ್ಪಲಿ, ಹಾಸಿಗೆ ದಾನ ಕೊಡುವ ರೂಢಿ ಇದೆಯಲ್ಲ. ಶಾಸ್ತ್ರದಲ್ಲಿ ನನಗೆ ಅಂಥ ನಂಬಿಕೆಯೇನೂ ಇಲ್ಲ, ಆದರೆ ಅಲ್ಲಿ ಪಡೆಯುವವನ ಮುಖ ನೋಡಿ ಕೊಡಬೇಕು.

ಕೋಣೆ ಖಾಲಿ ಮಾಡುವ ಯೋಚನೆಯಲ್ಲಿರುವವರು ಮೊದಲು ಮನೆಯವರನ್ನೆಲ್ಲ ಕೂರಿಸಿ ಕೇಳಿ. ಕಾಯಿಲೆಯ ಸಾಮಾನನ್ನು ಬೀದಿಗೆ ಬಿಡಲೇಬೇಡಿ. ಔಷಧದ ಚೀಟಿಯನ್ನು ಹರಿದು ಹಾಕಿ. ಅದರಲ್ಲಿ ಹೆಸರೂ ಇರುತ್ತದೆ, ರೋಗವೂ ಇರುತ್ತದೆ.

ಕುರ್ಚಿ ಹಿಂದಿನ ರಸ್ತೆಯ ಅಜ್ಜಿಯೊಬ್ಬರ ಮನೆ ಸೇರಿತು. ಕೊಡುವ ಮುನ್ನ ತಾಯಿ ಆ ಪಂಚೆಯ ತುಂಡನ್ನು ಬಿಚ್ಚಿ, ಒಗೆದು, ಬೀರುವಿನಲ್ಲಿ ಇಟ್ಟುಕೊಂಡರಂತೆ. ಮಗನಿಗೆ ಈಗಲೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ.